ಮಂಚದ ಕಂಬಿಗೆ ಮೂರು ಬಡಿತ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಬಂಗಾರಪೇಟೆಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಅದನ್ನೂ ನಿಂತೇ ಮಾಡುತ್ತೇನೆ. ಊಟಕ್ಕೆ ಕೂತರೆ ಕಾಲು ಅಲ್ಲಾಡಿಸುತ್ತೇನೆ, ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರವೇ ನಿಲ್ಲುತ್ತೇನೆ. ಇಂಥವನು ನಲವತ್ತೇಳನೇ ವಯಸ್ಸಿನಲ್ಲಿ ಮೊಬೈಲ್ ಆ್ಯಪ್ ಬರೆಯುವುದನ್ನು ಕಲಿಯಲು ಹೊರಟೆ ಅಂದರೆ ನೀವು ನಗಬೇಕಾಗಿಲ್ಲ, ಅಂಗಡಿ ಬೀದಿಯವರು ಆಗಲೇ ಸಾಕಷ್ಟು ನಕ್ಕಾಗಿದೆ.

ಹೊರಟಿದ್ದು ಅಪ್ಪನಿಗಾಗಿ. ಅಪ್ಪ ನಂದಿದುರ್ಗ ಚಿನ್ನದ ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದವನು. ಸಾವಿರಾರು ಅಡಿ ಆಳದ ಗಣಿ ಬಾವಿಯೊಳಗೆ ಕಬ್ಬಿಣದ ಕೇಜು ಇಳಿಸುವ, ಎತ್ತುವ ದೊಡ್ಡ ಯಂತ್ರ ಅವನ ಕೈಯಲ್ಲಿತ್ತು. ಬಾವಿಯ ಕಡೆಯಿಂದ ಗಂಟೆಯ ಸದ್ದು ಬಂದ ಹಾಗೆ ಲಿವರ್ ಎಳೆಯುತ್ತಿದ್ದ ಅನ್ನುವುದಷ್ಟೇ ನನಗೆ ಗೊತ್ತು. ಮನೆಯಲ್ಲಿ ಕೆಲಸದ ಮಾತು ಆಡಿದವನೇ ಅಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ, ಒಂದು ಯುಗಾದಿ ಕಳೆದ ವಾರಕ್ಕೆ, ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಅವನ ಬಾಯಿಂದ ಮಾತ್ರ "ಬಾ, ಬಾ" ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡಲು ಬಂದಿದ್ದ ಹೆಣ್ಣುಮಗಳು ಖಡಾಖಂಡಿತವಾಗಿ ಹೇಳಿಹೋದಳು: ದಿನಕ್ಕೆ ಎರಡು ಸಲ ಮಂಚದಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬೇಕು, ತಪ್ಪಿದರೆ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಏಳುವುದೇ ಇಲ್ಲ.

ಅಪ್ಪ ಏಳಲು ಒಪ್ಪುತ್ತಿರಲಿಲ್ಲ. ನಾನು ಕಂಕುಳಿಗೆ ಕೈ ಹಾಕುತ್ತಲೇ ಎಡಗೈಯಿಂದ ಮಂಚದ ಕಬ್ಬಿಣದ ಕಂಬಿಯನ್ನು ಬಡಿಯುವುದು, ಟಕ್, ಟಕ್, ಟಕ್. ಆಮೇಲೆ ಅದೇ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡುಬಿಡುವುದು. ಬೆರಳಲ್ಲಿ ತಾಮ್ರದ ಉಂಗುರವಿದ್ದುದರಿಂದ ಸದ್ದು ಜೋರಾಗಿಯೇ ಬರುತ್ತಿತ್ತು. ನನಗೋ ಅಂಗಡಿಗೆ ಹೋಗುವ ರೈಲಿನ ಹೊತ್ತು. ಮುದುಕ ಹಟ ಮಾಡುತ್ತಿದ್ದಾನೆ ಎಂದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಂದೇ ಎಳೆತಕ್ಕೆ ಎತ್ತಿ ಕುರ್ಚಿಗೆ ಹಾಕಿಬಿಡುತ್ತಿದ್ದೆ.

"ಅಂಗೆ ಎಳೀಬ್ಯಾಡಿ, ಭುಜ ಕಿತ್ಕೊಂಡು ಬತ್ತದೆ" ಎಂದು ಹೆಂಡತಿ ಬೈಯುತ್ತಿದ್ದಳು. ಹಾಗಾದರೆ ನೀನೇ ಎತ್ತು ಎಂದು ನಾನು ರೇಗುತ್ತಿದ್ದೆ.

ಬೇಕು ಬೇಡ ಹೇಳಲಾಗದ್ದಕ್ಕೇ ಈ ಹಟ, ಹೇಳುವಂತಾದರೆ ತಾನಾಗಿ ಎದ್ದಾನು ಎಂದು ನಾನು ಯೋಚಿಸಿದೆ. ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್‌ಗಳು ಸಿಕ್ಕವು, ಆದರೆ ಒಂದೂ ನಮ್ಮ ಮನೆಯ ಕನ್ನಡ ಆಡುತ್ತಿರಲಿಲ್ಲ. ನಾನೇ ಮಾಡುತ್ತೇನೆ ಎಂದು ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದೆ. ನಮ್ಮ ಮನೆಯಿರುವ ಉರಿಗಾಂನಿಂದ ಬಂಗಾರಪೇಟೆ ಮುಟ್ಟುವವರೆಗೆ ಬೋಗಿಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಪಾಠದ ವಿಡಿಯೋ ನೋಡುತ್ತಿದ್ದೆ, ಅದೂ ಎರಡು ಪಟ್ಟು ವೇಗದಲ್ಲಿ. ಪಾಠ ಮುಗಿಯುವ ತನಕ ತಾಳ್ಮೆ ಯಾರಿಗಿದೆ? ಅರ್ಧ ನೋಡಿ ಅಂಗಡಿಯಲ್ಲಿ ಬರೆಯಲು ಶುರು ಮಾಡುವುದು, ಪರದೆ ತುಂಬ ಕೆಂಪು ಸಾಲು ಬರುವುದು. ಮೋಟಾರಿನಲ್ಲಿ ತಪ್ಪಾದರೆ ವಾಸನೆ ಬರುತ್ತದೆ, ಮೂಸಿಯೇ ಎಲ್ಲಿ ಸುಟ್ಟಿದೆ ಎಂದು ಹೇಳಬಲ್ಲೆ. ಇದರಲ್ಲಿ ಅದೂ ಇಲ್ಲ. ಒಂದು ಬ್ರ್ಯಾಕೆಟ್ ಮುಚ್ಚದೆ ಬಿಟ್ಟಿದ್ದಕ್ಕೆ ಮೂರು ದಿನ ತಲೆ ಕೆಟ್ಟು ಗೊಬ್ಬರವಾಯಿತು.

ಕೊನೆಗೊಂದು ಬೆಳಿಗ್ಗೆ 'ನೀರು' ಎಂಬ ಒಂದೇ ಒಂದು ಬಟನ್ ಮಾತಾಡಿತು. ಬೋಗಿಯಲ್ಲಿದ್ದವರಿಗೆಲ್ಲ ತೋರಿಸಿದೆ. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ನಾಲ್ಕು ಸಲ ಒತ್ತಿ, ಬರೀ ನೀರೇನಾ, ಕಾಫಿ ಇಲ್ವಾ ಎಂದು ಕೇಳಿದಳು. ಅವತ್ತು ಅಂಗಡಿಯಲ್ಲಿ ಒಂದು ಮೋಟಾರಿಗೂ ಕೈ ಹಚ್ಚಲಿಲ್ಲ. ಕಾಫಿ ಸೇರಿಸಿದೆ, ಮುದ್ದೆ ಸೇರಿಸಿದೆ, ಫ್ಯಾನು, ಬಚ್ಚಲು, ಬೆನ್ನು ನೋವು, ಎಲ್ಲ ಸೇರಿ ಮೂವತ್ತಾರು ಚಿತ್ರವಾಯಿತು. ಯಂತ್ರದ ಧ್ವನಿ "ದಯವಿಟ್ಟು ನನಗೆ ಕುಡಿಯಲು ನೀರನ್ನು ಕೊಡಿ" ಎನ್ನುತ್ತಿತ್ತು. ಮಾವ ಯಾವತ್ತು ದಯವಿಟ್ಟು ಅಂದಿದ್ದಾರೆ ಎಂದು ಹೆಂಡತಿ ಬಿದ್ದುಬಿದ್ದು ನಕ್ಕಳು. ಅದನ್ನು ಕಿತ್ತುಹಾಕಿ ನನ್ನದೇ ಧ್ವನಿ ತುಂಬಿದೆ.

ಅಪ್ಪ ಅದನ್ನು ಮೂಸಿಯೂ ನೋಡಲಿಲ್ಲ. ಸಂಜೆ ನಾನು ಫೋನು ಹಿಡಿದು ಇದು ಊಟ, ಇದು ಫ್ಯಾನು ಎಂದು ಪಟಪಟ ಹೇಳುತ್ತಾ ಹೋದರೆ ಅವನು ಕಂಬಿಗೆ ಒಂದೇ ಒಂದು ಟಕ್ ಬಡಿಯುತ್ತಿದ್ದ. ನಾನು ಬಿಡುತ್ತಿರಲಿಲ್ಲ. ಇನ್ನೊಂದು ಟಕ್. ಬಣ್ಣ ಸರಿಯಿಲ್ಲವೇನೋ ಎಂದು ಮರುದಿನ ಬಣ್ಣ ಬದಲಿಸುತ್ತಿದ್ದೆ, ಅದರ ಮರುದಿನ ಚಿತ್ರ ದೊಡ್ಡದು ಮಾಡುತ್ತಿದ್ದೆ. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಫೋನನ್ನು ಅವನ ಹಾಸಿಗೆಯ ಮೇಲೆ ಬಿಸಾಕಿ, ಕೂಗಾಡಿ ಹೊರಟುಹೋದೆ. ನಮ್ಮ ಗಣಿ ಮನೆಗಳ ಲೈನಿನ ಕೊನೆಯವರೆಗೆ ಹೋಗಿ, ಮಾತು ಬಾರದ ಮನುಷ್ಯನ ಮೇಲೆ ಕೂಗಾಡಿದೆನಲ್ಲ ಎಂದು ನಾಚಿಕೆಯಾಗಿ ವಾಪಸ್ ಬಂದೆ.

ಅಷ್ಟರಲ್ಲಿ ಎಬ್ಬಿಸುವುದು ದಿನಕ್ಕೆ ಒಂದೇ ಸಲ ಆಗಿತ್ತು, ಆಮೇಲೆ ದಿನ ಬಿಟ್ಟು ದಿನ ಆಯಿತು. ಏಳನೇ ತಿಂಗಳಲ್ಲಿ ಹೆಂಡತಿ ಅಪ್ಪನ ಸೊಂಟದ ಹಿಂದೆ ಕೆಂಪಗಾದ ಚರ್ಮ ತೋರಿಸಿದಳು. ಹಾಸಿಗೆ ಹುಣ್ಣಿನ ಶುರು. ನನಗೆ ನಿಜಕ್ಕೂ ಭಯವಾಯಿತು.

ಆ ಭಾನುವಾರ ಮಧ್ಯಾಹ್ನ ಅಪ್ಪನ ಹಳೆಯ ಜೊತೆಗಾರ ಒಬ್ಬರು ನೋಡಲು ಬಂದರು. ಗಣಿ ಬಾವಿಯ ಬಾಯಲ್ಲಿ ನಿಂತು ಅಪ್ಪನಿಗೆ ಗಂಟೆ ಹೊಡೆಯುತ್ತಿದ್ದವರು. ಮನೆಮಾತು ತಮಿಳು, ನಮ್ಮೊಡನೆ ಕನ್ನಡ. ಬಿಸ್ಕತ್ತಿನ ಪೊಟ್ಟಣ ಅಪ್ಪನ ಎದೆಯ ಮೇಲಿಟ್ಟು ಸುಮ್ಮನೆ ಅವನ ಕೈ ಹಿಡಿದುಕೊಂಡು ಕೂತರು. ನಾನು ಸುಮ್ಮನಿರಲಾರದೆ ಅವರಿಗೂ ಆ್ಯಪ್ ತೋರಿಸಿದೆ. ಮೂವತ್ತಾರು ಚಿತ್ರವನ್ನೂ ಮರ್ಯಾದೆಗೆ ನೋಡಿದರು. ಆಮೇಲೆ ಅಪ್ಪನನ್ನು ಕುರ್ಚಿಗೆ ಕೂರಿಸಲು ಹೋದೆ. ಕಂಕುಳಿಗೆ ಕೈ ಹಾಕಿದೆ. ಅಪ್ಪ ಕಂಬಿಗೆ ಮೂರು ಬಡಿದ. ನಾನು ಎಳೆದೆ.

ಮುದುಕರು ತಟ್ಟನೆ ಎದ್ದು ನನ್ನ ರಟ್ಟೆ ಹಿಡಿದರು. "ಡೇಯ್, ನಿಲ್ಸು. ಮೂರು ಒಡೀತಾವ್ನೆ, ಕೇಳಿಸ್ಲಿಲ್ವಾ ನಿಂಗೆ?"

ಕೇಳಿಸದೆ ಏನು, ಏಳು ತಿಂಗಳಿಂದ ಅದನ್ನೇ ಕೇಳುತ್ತಿದ್ದೇನೆ, ಹಟ ಅದು ಎಂದೆ.

"ಅಟ ಅಲ್ಲ ಕಣ್ಲಾ. ಒಂದು ಒಡುದ್ರೆ ನಿಲ್ಸು ಅಂತ. ಎರಡು ಅಂದ್ರೆ ಇಳ್ಸು. ಮೂರು ಅಂದ್ರೆ ಕೇಜಲ್ಲಿ ಆಳು ಅವ್ರೆ, ನಿಧಾನ ಅಂತ. ಕಲ್ಲು ತುಂಬಿದ್ರೆ ಎಂಗಾದ್ರೂ ಎಳ್ಕೊ, ಯಾರ್ ಕೇಳ್ತಾರೆ? ಆಳು ಇದ್ರೆ ಡ್ರೈವರು ಮೊದ್ಲು ವಾಪಸ್ ಮೂರು ಒಡೀಬೇಕು. ಅದು ಬರೋವರ್ಗೂ ನಾನು ಯಾರ್ನೂ ಕೇಜೊಳಕ್ಕೆ ಬಿಡ್ತಿರ್ಲಿಲ್ಲ."

ಹೇಳಿ, ಜೇಬಿನಿಂದ ಬೀಗದ ಕೈ ತೆಗೆದು ಕಂಬಿಗೆ ಮೂರು ಸಲ ಬಡಿದರು, ಬಿಡಿಸಿ ಬಿಡಿಸಿ. ಅಪ್ಪನ ಬೆರಳುಗಳು ಕಂಬಿಯಿಂದ ತಾವಾಗಿಯೇ ಬಿಟ್ಟುಕೊಂಡವು. ಇಬ್ಬರೂ ಸೇರಿ ಮೆಲ್ಲಗೆ ಎತ್ತಿದೆವು. ಅಪ್ಪ ಎಡಗಾಲು ಊರಿ ತನ್ನ ಭಾರ ತಾನೇ ಅಷ್ಟಿಷ್ಟು ಹೊತ್ತುಕೊಂಡ. ಕುರ್ಚಿಯಲ್ಲಿ ಕೂತು ಸುಸ್ತಾಗಿ ಉಸಿರು ಬಿಟ್ಟ.

ನಾನು ಹಿತ್ತಲಿಗೆ ಹೋಗಿ ಅತ್ತೆ. ಈ ಮೈಯೊಳಗೆ ಮನುಷ್ಯನಿದ್ದಾನೆ ಎಂದು ಅಪ್ಪ ಏಳು ತಿಂಗಳು ದಿನಾ ನನಗೆ ಹೇಳಿದ್ದ. ನಾನು ಕಲ್ಲು ಎಳೆದ ಹಾಗೆ ಎಳೆದಿದ್ದೆ.

ಮರುದಿನವೇ ಮೂವತ್ತಾರು ಚಿತ್ರವನ್ನೂ ಅಳಿಸಿದೆ. ಇಡೀ ಪರದೆ ಒಂದೇ ಬಟನ್. ಅಪ್ಪ ಎಷ್ಟು ಬಡಿದ ಎಂದು ಫೋನು ಎಣಿಸಿ, ಅದರ ಅರ್ಥವನ್ನು ಅಡುಗೆಮನೆಯಲ್ಲಿರುವ ನನ್ನ ಹೆಂಡತಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಎರಡು ದಿನದಲ್ಲಿ ಮುಗಿಸಿ ಅಪ್ಪನ ಎಡಗೈಗೆ ಸಿಗುವಂತೆ ಹಾಸಿಗೆಯ ಮೇಲಿಟ್ಟೆ. ಅವನು ಮೂರು ಬಡಿದ. ಫೋನು ನನ್ನ ಧ್ವನಿಯಲ್ಲಿ "ನಿಲ್ಸು, ನಿಲ್ಸು, ನಿಲ್ಸು" ಎಂದಿತು. ಕೋಡ್ ತೆಗೆದು ನೋಡಿದರೆ, ಒಂದು ಬಡಿತದ ಮೇಲೆ ಇನ್ನೊಂದಕ್ಕೆ ಅರ್ಧ ಸೆಕೆಂಡು ಮಾತ್ರ ಕಾಯುವಂತೆ ಬರೆದಿದ್ದೆ. ನನ್ನ ಆತುರ ಅದರೊಳಗೂ ಹೋಗಿ ಕೂತಿತ್ತು! ಅಪ್ಪನ ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಯಿತು. ಅವನು ನಗುತ್ತಿದ್ದಾನೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಎರಡು ಸೆಕೆಂಡು ಮಾಡಿದೆ. ಎರಡು ಸೆಕೆಂಡು ಎಷ್ಟು ಉದ್ದ ಎಂದು ನನ್ನಂಥವನು ಹೇಳಬೇಕು. ಒಂದೊಂದು ಸಲ ಪರೀಕ್ಷೆ ಮಾಡುವಾಗಲೂ ಕಾಲು ಕುಣಿಯುತ್ತಿತ್ತು. ಮಾತಾಡುವ ಮೊದಲು ಬಂದಷ್ಟೇ ಬಡಿತ ಫೋನು ವಾಪಸ್ ಹೊಡೆಯುವ ಹಾಗೂ ಬರೆದೆ. ಇನ್ನೇನೂ ಬಾಕಿಯಿಲ್ಲ ಅನ್ನಿಸಿತು.

ಮುಂದಿನ ಸೋಮವಾರ ಬೆಳಿಗ್ಗೆ ರೈಲಿಗೆ ಹೊತ್ತಾಗುತ್ತಿದ್ದಾಗ ಅಪ್ಪನ ಪಕ್ಕ ನಿಂತೆ. ಅವನು ಪರದೆಗೆ ಮೂರು ಬಡಿದ. ಫೋನು ಕಾದು, ಮೂರು ಬಡಿದು, "ಆಳು ಅವ್ರೆ, ನಿಧಾನ" ಎಂದಿತು. ಎಲ್ಲ ಸರಿಯಾಗಿ ಬಂತು. ಆದರೆ ಅಪ್ಪ ಫೋನು ಪಕ್ಕಕ್ಕೆ ಸರಿಸಿ ಕಂಬಿ ಹಿಡಿದುಕೊಂಡ, ಬಿಡಲಿಲ್ಲ. ಫೋನಿನ ಕಡೆ ನೋಡಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ಉರಿಗಾಂ ಸ್ಟೇಷನ್ ಕಡೆಯಿಂದ ರೈಲಿನ ಹಾರನ್ ಕೇಳಿಸಿತು. ಹೋದರೆ ಹೋಗಲಿ ಎಂದು ಚೀಲ ಕೆಳಗಿಟ್ಟೆ. ಬೆರಳಿನ ಗೆಣ್ಣಿನಿಂದ ಕಂಬಿಗೆ ನಾನೇ ಮೂರು ಬಡಿದೆ, ಬಿಡಿಸಿ ಬಿಡಿಸಿ. ಅಪ್ಪ ಕಂಬಿ ಬಿಟ್ಟು ಆ ಕೈಯನ್ನು ನನ್ನ ಹೆಗಲಿಗೆ ಹಾಕಿದ.