ಈಸ್ಟ್ ಹ್ಯಾಮಿನಲ್ಲಿ ಒಂದು ಕ್ಯಾಚ್

ಭಾನುವಾರ ಬೆಳಿಗ್ಗೆ ಅಕ್ಸ್‌ಬ್ರಿಡ್ಜಿನಲ್ಲಿ ಟ್ಯೂಬ್ ರೈಲು ಹತ್ತಿದೆವು, ನಾನು ಮತ್ತು ಪಕ್ಕದ ಮನೆಯ ಕ್ಲಾರೆನ್ಸ್. ತೊಂಬತ್ತರ ದಶಕದ ನಡುವಿನ ಬೇಸಿಗೆ. ಲಂಡನ್ನಿನಲ್ಲಿ ಅಪರೂಪಕ್ಕೆ ಬೆವರು ಬರುವಷ್ಟು ಬಿಸಿಲು. ಮಗಳ ಮನೆಯಲ್ಲಿದ್ದ ಈ ಅಮೆರಿಕದ ಅಜ್ಜನಿಗೆ ಎಂಬತ್ತು ದಾಟಿತ್ತು. ಬಿಳಿಯರ ತಂಡಗಳು ಕರಿಯರನ್ನು ಸೇರಿಸದ ಕಾಲದಲ್ಲಿ, ಕರಿಯರ ಲೀಗಿನಲ್ಲಿ ಬೇಸ್‌ಬಾಲ್ ಆಡಿದವರು. ದೂರ ನಿಂತು ಚೆಂಡು ಕಾಯುವ ಔಟ್‌ಫೀಲ್ಡರ್. ಸಾಯುವುದರೊಳಗೆ ಇನ್ನೊಂದು ಕ್ಯಾಚ್ ಹಿಡಿಯಬೇಕೆಂಬುದು ಅವರ ಆಸೆ. ಈಸ್ಟ್ ಹ್ಯಾಮಿನ ಪಾರ್ಕಿನಲ್ಲಿ ನಮ್ಮ ಆಸ್ಪತ್ರೆಯ ಹುಡುಗರು ಬೇಸ್‌ಬಾಲ್ ಆಡುತ್ತಾರೆಂದು ನಾನೇ ಬಾಯಿ ಬಿಟ್ಟಿದ್ದೆ.

ಹೊರಡುವಾಗ ನನ್ನ ಹೆಂಡತಿ ಬಾಗಿಲಲ್ಲೇ ತಡೆದಿದ್ದಳು. ಧಾರವಾಡದವಳು. “ಅಜ್ಜಾರಿಗೆ ಏನರ ಆದ್ರ ಅವ್ರ ಮಗಳಿಗೆ ಏನ್ ಹೇಳ್ತೀರಿ?”

“ಡಾಕ್ಟರ್ ನಾನs ಜೋಡಿ ಇರ್ತೀನಲ್ಲ.”

“ಅದಕ್ಕs ಹೆದರಿಕಿ ನೋಡ್ರಿ.”

ನಡುವೆ ಡಿಸ್ಟ್ರಿಕ್ಟ್ ಲೈನಿಗೆ ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಸೀರೆ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಮಸಾಲೆ ದೋಸೆ. “ಆಗ ನಮ್ಮನ್ನು ಹೋಟೆಲಿನ ಒಳಗೆ ಬಿಡುತ್ತಿರಲಿಲ್ಲ. ತಂಡದ ಬಸ್ಸಿನಲ್ಲೇ ಊಟ, ಬಸ್ಸಿನಲ್ಲೇ ನಿದ್ದೆ,” ಎಂದ ಕ್ಲಾರೆನ್ಸ್ ಎರಡನೆಯ ದೋಸೆ ತರಿಸಿದರು.

ಪಾರ್ಕಿನಲ್ಲಿ ಹುಡುಗರು ಅವರಿಗೆ ಕೈಗವಸು ಕೊಟ್ಟು ಸ್ವಲ್ಪ ಹೊತ್ತು ಆಡಲು ಬಿಟ್ಟರು. ಚೆಂಡು ಎಸೆಯುವಷ್ಟು ಶಕ್ತಿ ಅವರ ಭುಜದಲ್ಲಿ ಉಳಿದಿರಲಿಲ್ಲ. “ಹಿಡಿಯುವುದು ನಾನು, ಎಸೆಯುವುದು ನೀವು” ಎಂದು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಬ್ಯಾಟಿನ ಸದ್ದು ಕೇಳಿತು. ನಾನಿನ್ನೂ ಚೆಂಡನ್ನು ಆಕಾಶದಲ್ಲಿ ಹುಡುಕುತ್ತಿದ್ದೆ. ಅವರು ಆಗಲೇ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಿದ್ದರು. ಚೆಂಡು ಅಲ್ಲಿಗೇ ಬಂತು. ಹಿಡಿದರು, ನನ್ನ ಕೈಗಿಟ್ಟರು.

ಧಾರವಾಡದ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು ನಾನು. ಚೆಂಡನ್ನು ಮೇಲಕ್ಕೆ ತೂರಿ ಅವರನ್ನು ಅಪ್ಪಿಕೊಂಡೆ. “ಎಸೀರಿ ಡಾಕ್ಟರ್, ಎಸೀರಿ!” ಎಂದು ಅವರು ಕಿರುಚಿದರು. ಕ್ರಿಕೆಟ್ಟಿನಲ್ಲಿ ಕ್ಯಾಚಾದರೆ ಅಲ್ಲಿಗೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಹೊಡೆದವನು ಔಟಾದರೂ, ಮೊದಲೇ ಮೈದಾನದಲ್ಲಿ ನಿಂತಿರುವ ಅವನ ಜೊತೆಗಾರ ಆಮೇಲೂ ಓಡಬಹುದಂತೆ. ಹಾಗೆ ನಿಂತಿದ್ದ ಎದುರಾಳಿಯೊಬ್ಬ ಓಡಿ ಪಾಯಿಂಟ್ ಗಳಿಸಿಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು ನನ್ನ ಸಂಭ್ರಮ.

ವಾಪಸು ಬರುವಾಗ ಟ್ಯೂಬಿನಲ್ಲಿ ಅವರು ಕಿಟಕಿಯತ್ತ ಮುಖ ತಿರುಗಿಸಿ ಕೂತರು. ಕೋಪವೆಂದುಕೊಂಡೆ.

“ನಾವೂ ಹೀಗೇ ಕುಣಿದೆವು ಡಾಕ್ಟರ್,” ಎಂದರು ಕೊನೆಗೆ. “ಬಿಳಿಯರ ತಂಡ ಮೊದಲು ನಮ್ಮವನೊಬ್ಬನನ್ನು ಕರೆದ ದಿನ. ಆಮೇಲೆ ಎಳೆಯ ಹುಡುಗರನ್ನೆಲ್ಲ ಕರೆದರು. ನಮ್ಮ ಲೀಗ್ ಮುಚ್ಚಿತು. ನನಗೆ ಮೂವತ್ತಾರು, ವಯಸ್ಸಾಯಿತು ಅಂದರು.”

“ಇವತ್ತಿನ ಕ್ಯಾಚಿನಿಂದ ಸ್ವಲ್ಪವಾದರೂ ಸಮಾಧಾನವಾಯಿತೇ?” ಎಂದೆ.

“ಇಲ್ಲ,” ಎಂದರು. “ಮೂವತ್ತಾರಕ್ಕೆ ನನಗೆ ವಯಸ್ಸಾಗಿತ್ತು ಅಂತಲೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಇವತ್ತು ಆ ನಂಬಿಕೆಯೂ ಹೋಯಿತು.”