ನಾಲ್ಕು ಬೆರಳು ತಗ್ಗಿದ ನೀರು

ಇಲ್ಲ, ಮೀನಿನ ತೊಟ್ಟಿಯ ಪಕ್ಕ ಅವ್ವ ತುಂಬಿಟ್ಟ ಆ ಬಿಂದಿಗೆ ಹಿತ್ತಾಳೆಯದಾಗಿರಲಿಕ್ಕಿಲ್ಲ. ನಮ್ಮ ಹಿತ್ತಾಳೆ ಬಿಂದಿಗೆ ಅಷ್ಟರಲ್ಲಿ ಅಟ್ಟ ಸೇರಿತ್ತು. ಆದರೂ ನೆನೆದಾಗಲೆಲ್ಲ ಹಿತ್ತಾಳೆಯೇ ಹೊಳೆಯುತ್ತದೆ. ಅಲ್ಲಿ ಇದ್ದಿರಬೇಕಾದ ನೀಲಿ ಪ್ಲಾಸ್ಟಿಕ್ ಕೊಡವನ್ನು ನನ್ನ ನೆನಪು ಒಪ್ಪುತ್ತಿಲ್ಲ. ಕಂಡದ್ದನ್ನು ಚೆಂದ ಮಾಡುವ ಈ ಚಾಳಿಯ ಮೇಲೆ ನನಗೆ ನಂಬಿಕೆಯಿಲ್ಲ. ಮೀನುಗಳ ವಿಷಯವನ್ನಾದರೂ ಇದ್ದ ಹಾಗೆ ಹೇಳಲು ನೋಡುತ್ತೇನೆ.

ಮೀನು ನಮ್ಮವಲ್ಲ, ಅಕ್ಕನವು. ಗುಂಡ್ಲುಪೇಟೆಯಲ್ಲಿ ಅವಳ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದ ವಾಸನೆ ಮೀನಿಗೆ ಆಗುವುದಿಲ್ಲವೆಂದು ಗಾಜಿನ ತೊಟ್ಟಿಯನ್ನು ಚಾಮರಾಜನಗರದ ನಮ್ಮ ಮನೆಗೆ ತಂದಳು. ತೊಟ್ಟಿ ಕಾರಿನ ಹಿಂದಿನ ಸೀಟಿನಲ್ಲಿ, ಮೀನು ಅವಳ ತೊಡೆಯ ಮೇಲಿನ ಬಕೆಟ್ಟಿನಲ್ಲಿ. ತೆರಕಣಾಂಬಿ ದಾಟುವಾಗ ನೀರು ತುಳುಕಿ ಸೀರೆ ನೆನೆಯಿತು. ಸೀರೆಯಲ್ಲ, ಚೂಡಿದಾರ ಎಂದು ಅವಳ ವಾದ.

“ಬಣ್ಣ ಒಣಗಿದ್ಮೇಲೆ ಬತ್ತೀನಿ. ಅಷ್ಟೂ ಜೀವ ಹಂಗಂಗೇ ಸಿಗ್ಬೇಕು ನಂಗೆ,” ಎಂದು ನನಗೆ ಹೇಳಿದಳು. ಪಕ್ಕದಲ್ಲಿದ್ದ ಅವ್ವನೂ ಕೇಳಿಸಿಕೊಂಡಳು. ಮಗಳ ಮನೆ ಹೊಸದಾಗುವ ಹೊತ್ತಿನಲ್ಲಿ ಆ ಮನೆಯ ಜೀವವೊಂದು ತನ್ನ ಮನೆಯಲ್ಲಿ ಸಾಯುವುದು ಅವ್ವನ ಮಟ್ಟಿಗೆ ಬಾಯಿ ಬಿಟ್ಟು ಹೇಳಲಾಗದಂಥ ಅಪಶಕುನ.

ಅಕ್ಕ ಅತ್ತ ಹೋದದ್ದೇ ತಡ, ಅವ್ವ ಡ್ರಮ್ಮಿನ ನೀರು ತಂದು ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿದಳು. ಅವಳ ತವರು ಉಡಿಗಾಲದ ಕಡೆಯ ಹಳ್ಳಿ. ಅಲ್ಲಿಯ ರೂಢಿಯಂತೆ ಮನೆಯೊಳಗೆ ನೀರಿಟ್ಟ ಮೇಲೆ ಕೊಡವಾಗಲಿ ಚೊಂಬಾಗಲಿ ಕಂಠ ಮುಟ್ಟಿರಬೇಕು. “ಬಾಳೋ ಮನೇಲಿ ಅರೆ ನೀರ್ ಮಡಗ್ತಾರಾ?” ಎಂದು ಮುಚ್ಚಳವನ್ನೂ ಭದ್ರವಾಗಿ ಹಾಕಿದಳು. ತೊಟ್ಟಿಯ ಮೂಲೆಯಲ್ಲಿ ನೀರನ್ನು ಸೋಸಿ ಮೇಲಿನಿಂದ ಸುರಿಯುವ ಪುಟ್ಟ ಫಿಲ್ಟರಿತ್ತು. ಅದರ ಬಾಯಿ ಮುಳುಗಿ ಸದ್ದು ಅಡಗಿತು. ಸದ್ದು ಅಡಗಿದ್ದು ನಮಗೆಲ್ಲ ಹಿತವೇ ಆಯಿತು.

ಮಾರನೆಯ ದಿನವೋ ಅದರ ಮಾರನೆಯ ದಿನವೋ, ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು.

“ಹಸ್ದವೆ ಕಣ್ಲಾ ಪಾಪ, ಬಾಯ್ ಬಾಯ್ ಬುಡ್ತಾವೆ,” ಎಂದು ಅವ್ವ ಕಡ್ಲೆಪುರಿ ಪುಡಿಮಾಡಿ ಉದುರಿಸಿದಳು.

“ವಸಿ ಈರುಳ್ಳೀನೂ ಕೊಚ್ಚಾಕು, ಚುರುಮುರಿ ಆಯ್ತದೆ,” ಎಂದರು ಅಪ್ಪ, ಪೇಪರಿನ ಹಿಂದಿನಿಂದ.

ನಾನೂ ಹಸಿವೆಂದೇ ನಂಬಿದ್ದೆ. ಮೀನು ಬಾಯಿ ಬಿಟ್ಟಷ್ಟೂ ಪುರಿ ಬಿತ್ತು. ಪುರಿ ಬಿದ್ದಷ್ಟೂ ನೀರು ಮಬ್ಬಾಗಿ, ಮೀನು ಇನ್ನಷ್ಟು ಬಾಯಿ ಬಿಟ್ಟಿತು. ಅನುಮಾನ ಬಂದು ಪೇಟೆಯಿಂದ ಗಾಳಿ ಪಂಪು, ಕೊಳವೆ, ಕೊಳವೆಯ ತುದಿಗೆ ಗುಳ್ಳೆ ಬಿಡುವ ಕಲ್ಲು ತಂದೆ. ಕಲ್ಲನ್ನು ಒಂದು ಮೂಲೆಗೆ ಇಳಿಬಿಟ್ಟೆ. ಗುಳ್ಳೆಗಳು ಅಲ್ಲೇ ಸಾಲಾಗಿ ಎದ್ದು ಅಲ್ಲೇ ಒಡೆದವು. ಎದುರು ಮೂಲೆಯ ನೀರು ಅಲುಗಲಿಲ್ಲ. ಅಕ್ಕನಿಗೆ ಅಚ್ಚುಮೆಚ್ಚಾದ ಬಿಳಿ ಬಾಲದ ಮೀನು ಆ ಮೂಲೆಯಲ್ಲೇ ಒಂದು ಪಕ್ಕಕ್ಕೆ ವಾಲಿತ್ತು.

ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ತೊಟ್ಟಿಗೆ ಹಿಡಿದೆ.

“ಲೋ, ಅದ್ಯಾಕೋ ಅಂಗ್ ತುಂಬ್ಸಿದ್ದೀರಿ? ಅವು ಹಸ್ದಿಲ್ಲ, ಉಸ್ರು ಕಟ್ಟದೆ. ನಾಕ್ ಬೆಳ್ಳು ನೀರ್ ತಗಿ. ಫಿಲ್ಟರ್ ನೀರು ಮೇಲಿಂದ ಬಿದ್ದು ಅಲೆ ಏಳ್ಬೇಕು. ಅಲ್ಲಾಡೋ ನೀರಿಗೇ ಕಣೋ ಗಾಳಿ ಸೇರೋದು. ಕಲ್ಲನ್ನ ಮಧ್ಯಕ್ಕೆ ತಳ್ಳು, ಮುಚ್ಚಳ ವಸಿ ಸರ್ಸು. ಪುರಿ ಆಕಿದ್ರೆ ನೋಡು ಮತ್ತೆ.”

ಅವ್ವ ಫೋನಿಗೆ ಮುಖ ಕೊಟ್ಟಳು. “ಅರೆ ಕೊಡ ಮಡಗು ಅಂತೀಯಲ್ಲಮ್ಮಿ, ಅದೂ ನಿನ್ ಮನೆಗೆ ಬಣ್ಣ ಒಡಿಯೋವಾಗ?”

“ಅದು ಕೊಡ ಅಲ್ಲ ಕಣವ್ವ, ಮೀನಿನ ತೊಟ್ಟಿ.”

“ನೀರ್ ಮಡಗೋದೆಲ್ಲ ಕೊಡಾನೆಯಾ.”

“ಅಂಗಾರೆ ಮಾಳಿಗೆ ಮೇಲಿರೋ ಟ್ಯಾಂಕೂ ಕೊಡಾನೇ,” ಎಂದರು ಅಪ್ಪ. “ಅದ್ಯಾವತ್ ತುಂಬದೆ ಯೋಳು?”

ಅವ್ವ ಬಿಳಿ ಬಾಲದ ಮೀನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಆ ಬಿಂದಿಗೆಯನ್ನೂ ಚೊಂಬನ್ನೂ ತಂದಳು. ತೊಟ್ಟಿಯಿಂದ ಮೊಗೆದ ನೀರನ್ನೆಲ್ಲ ಬಿಂದಿಗೆಗೆ ಸುರಿದು, ಸಾಲದ್ದಕ್ಕೆ ಡ್ರಮ್ಮಿನ ನೀರು ಬೆರೆಸಿ ಕಂಠ ಮುಟ್ಟಿಸಿ, ತೊಟ್ಟಿಯ ಪಕ್ಕದಲ್ಲಿಟ್ಟು ಮೇಲೊಂದು ಕನಕಾಂಬರ ಇಟ್ಟಳು.

“ಅಲ್ಲಿ ಅರೆ ಆದದ್ದು ಇಲ್ಲಿ ತುಂಬ್ತು. ಮನೇಲಿ ಏನೂ ಕಮ್ಮಿ ಆಗ್ನಿಲ್ಲ,” ಎಂದಳು, ಯಾರಿಗೆಂದಿಲ್ಲದೆ.

ಫಿಲ್ಟರಿನ ಬಾಯಿ ನೀರಿನಿಂದ ಹೊರಬಂತು. ನೀರು ಜುಳುಜುಳು ಬೀಳತೊಡಗಿತು. ಅಲೆ ಎದುರು ಮೂಲೆಯವರೆಗೂ ಹೋಗಿ ಗಾಜಿಗೆ ತಾಗಿ ಮರಳಿತು. ತೇಲುತ್ತಿದ್ದ ಪುರಿಯ ಚೂರುಗಳು ಮೆರವಣಿಗೆ ಹೊರಟವು. ಅವುಗಳನ್ನು ಟೀ ಸೋಸುವ ಜರಡಿಯಲ್ಲಿ ಎತ್ತಿ ಹಾಕಿದೆ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು: “ಅಕ್ಕೋ, ನಲ್ಲಿ ನೀರ್ ಬುಟ್ರಾ?” ಫಿಲ್ಟರಿನ ಜುಳುಜುಳು ಅವಳಿಗೆ ನಲ್ಲಿಯ ಸದ್ದಾಗಿ ಕೇಳಿಸಿತ್ತು; ನಮ್ಮ ಬೀದಿಯಲ್ಲಿ ಆ ಸದ್ದಿಗೆ ಯಾರೂ ಕೂತಲ್ಲಿ ಕೂರುವುದಿಲ್ಲ. ಅವಳ ಕೊಡಗಳು ಆಗಲೇ ನಲ್ಲಿಯ ಕೆಳಗೆ ಸಾಲು ಹಿಡಿದಿದ್ದವು. ಅಪ್ಪನೂ ಪೇಪರ್ ಬಿಟ್ಟು ಬಕೆಟ್ ಹಿಡಿದು ಅಂಗಳಕ್ಕೆ ಇಳಿದಿದ್ದರು. ಮೀನಿನ ನೀರೆಂದು ಗೊತ್ತಾದ ಮೇಲೂ, ಆ ತೊಟ್ಟಿ ಇರುವಷ್ಟು ದಿನ, ಅಪ್ಪ ಆ ಸದ್ದಿಗೆ ಆಗಾಗ ಎದ್ದರು.

ಸಂಜೆಯ ಹೊತ್ತಿಗೆ ಮೀನುಗಳು ಕೆಳಕ್ಕಿಳಿದಿದ್ದವು. ಬಿಳಿ ಬಾಲದ್ದು ನೆಟ್ಟಗೆ ಈಜುತ್ತಿತ್ತು. ಅವ್ವ ಗಾಜಿಗೆ ಹಣೆ ಒತ್ತಿ ಅದನ್ನು ಬೈದಳು: “ಮೊದ್ಲೇ ಯೋಳಕಾಗಲ್ವಾ?”

ಬಣ್ಣ ಒಣಗಿತು, ಅಕ್ಕ ಬಂದು ತೊಟ್ಟಿಯನ್ನೂ ಮೀನುಗಳನ್ನೂ ಗುಂಡ್ಲುಪೇಟೆಗೆ ಒಯ್ದಳು. ಒಂದೂ ಕಡಿಮೆಯಾಗಿರಲಿಲ್ಲ. ಬಿಂದಿಗೆಯ ನೀರು ಕನಕಾಂಬರದ ಗಿಡಕ್ಕೆ ಹೋಯಿತು.

ಮೀನುಗಳನ್ನು ಉಳಿಸಿದ್ದು ಮೇಲಿಂದ ಬಿದ್ದ ನೀರು ಎಂದು ಅಕ್ಕ ಹೇಳುತ್ತಾಳೆ, ಬಿಂದಿಗೆ ಎಂದು ಅವ್ವ, ಪುರಿ ನಿಂತದ್ದು ಎಂದು ಅಪ್ಪ. ಎಲ್ಲವನ್ನೂ ಒಂದೇ ಮಧ್ಯಾಹ್ನ ಮಾಡಿಬಿಟ್ಟಿದ್ದರಿಂದ ಬಿಡಿಸಿ ನೋಡುವ ದಾರಿಯಿಲ್ಲ. ಅಕ್ಕನ ಮಾತೇ ಸರಿಯಿರಬೇಕು. ಆದರೆ ಬಿಳಿ ಬಾಲದ ಮೀನು ಆವತ್ತು ಸಾವಿಗೆ ಎಷ್ಟು ಹತ್ತಿರವಿತ್ತು, ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತು, ನನಗೆ ಗೊತ್ತಿಲ್ಲ. ಬಿಂದಿಗೆ ಯಾವುದೆಂದೂ ಗೊತ್ತಿಲ್ಲ.