ಡಿಕ್ಕಿಯ ಅಳತೆ

ಶಹಾಪುರದಲ್ಲಿ ನನ್ನದೊಂದು ಅಂಗಡಿಯಿದೆ. ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರು ಕೂರಿಸುವುದು ನನ್ನ ಕಸುಬು. ನನ್ನ ಅಬ್ಬಾ ಬಡಗಿಯಾಗಿದ್ದರು. ಅವರ ಹತ್ತಿರ ಉಳಿ, ಗರಗಸ ಹಿಡಿಯುವುದನ್ನು ಕಲಿತು, ಆಮೇಲೆ ಹೈದರಾಬಾದಿಗೆ ಹೋಗಿ ವೈರಿಂಗ್ ಕಲಿತು ಬಂದೆ. ಬೇರೆ ಅಂಗಡಿಯವರು ಎಲ್ಲೋ ತಯಾರಾದ ಸ್ಪೀಕರ್ ಡಬ್ಬಿಯನ್ನು ತಂದು ಡಿಕ್ಕಿಯಲ್ಲಿಟ್ಟು ಸ್ಕ್ರೂ ಬಿಗಿದು ಕಳಿಸುತ್ತಾರೆ. ನಾನು ಮೊದಲು ಡಿಕ್ಕಿಯನ್ನು ಅಳೆಯುತ್ತೇನೆ. ರಟ್ಟು ಕತ್ತರಿಸಿ, ಇಟ್ಟು ನೋಡಿ, ಕಾಗದದ ಮೇಲೆ ನಕ್ಷೆ ಹಾಕಿ, ಅದಕ್ಕೆ ತಕ್ಕ ಡಬ್ಬಿಯನ್ನು ಪ್ಲೈವುಡ್ಡಿನಲ್ಲಿ ನಾನೇ ಕಟ್ಟುತ್ತೇನೆ. ಯಾದಗಿರಿಯಿಂದಲೂ ಸುರಪುರದಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುವುದು ಅದಕ್ಕೇ.

ಅವನು ಬಂದದ್ದು ಸುರಪುರದಿಂದ. ಮನೆ ಕಟ್ಟುವವರಿಗೆ ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುತ್ತಿದ್ದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗುಮುಖ. ಬಿಳಿ ಬಣ್ಣದ ಸಣ್ಣ ಕಾರು, ಹಿಂದೆ ಉದ್ದ ಡಿಕ್ಕಿಯಿದ್ದದ್ದು. ಹನ್ನೆರಡು ಇಂಚಿನ ಎರಡು ವೂಫರ್ ಸ್ಪೀಕರು ಬೇಕು ಅಂದ. ನಾನು ಡಿಕ್ಕಿ ತೆಗೆದೆ. ಒಳಗೆ ಮಡಚಿದ ಗಾಲಿಕುರ್ಚಿಯೊಂದು ಅಡ್ಡ ಮಲಗಿತ್ತು.

"ಇದು ಯಾರದ್ರಿ?"

"ಹೇಣ್ತಿದು. ತಗದು ಹೊರಗಿಡ್ರಿ."

ಅವನೇ ಹೇಳಿದ. ಎರಡು ವರ್ಷದ ಹಿಂದೆ ಬೈಕಿನ ಹಿಂದೆ ಅವಳನ್ನು ಕೂರಿಸಿಕೊಂಡು ತಿಂಥಣಿಯಿಂದ ಬರುವಾಗ ಇವನು ರಸ್ತೆಯ ಗುಂಡಿ ನೋಡಲಿಲ್ಲ. ಇವನ ಮೊಣಕೈ ತರಚಿತು. ಅವಳ ಬೆನ್ನು ಮುರಿಯಿತು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು, ಅದು ಬಿಟ್ಟುಹೋಯಿತು. ವನದುರ್ಗದ ಅವಳ ತಂದೆ, ಮಗಳು ಆಸ್ಪತ್ರೆಗೆ ಓಡಾಡಲಿ ಎಂದು ಈ ಕಾರು ಕೊಡಿಸಿದ್ದರು. ವಾರಕ್ಕೆ ಎರಡು ಸಲ ಯಾದಗಿರಿಗೆ ಕರೆದೊಯ್ದು ಕಾಲಿಗೆ ವ್ಯಾಯಾಮ ಮಾಡಿಸಬೇಕಿತ್ತು. ಈಚೆಗೆ ಎರಡು ಕಂಬಿ ಹಿಡಿದುಕೊಂಡು ನಿಲ್ಲಲು ಶುರುಮಾಡಿದ್ದಳಂತೆ.

ಕುರ್ಚಿಯನ್ನು ಗೋಡೆಗೆ ಒರಗಿಸಿ ಅಳತೆಗೆ ಕುಳಿತೆ. ಡಿಕ್ಕಿಯ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮುಚ್ಚಳ ಮುಚ್ಚಿದಾಗ ಎರಡು ಬದಿಯಲ್ಲಿ ಕಬ್ಬಿಣದ ತೋಳುಗಳು ಒಳಗೆ ಇಳಿಯುತ್ತವೆ, ಅವಕ್ಕೆ ಜಾಗ ಬಿಡಬೇಕು. ಸ್ಟೆಪ್ನಿ ತೆಗೆಯಲು ಬರಬೇಕು. ಇದನ್ನೆಲ್ಲ ಲೆಕ್ಕ ಹಾಕಿ ಎರಡು ನಕ್ಷೆ ಬರೆದೆ. ಒಂದರಲ್ಲಿ ಎಡಮೂಲೆಗೆ ಸೇರಿಸಿದ ಸಣ್ಣ ಡಬ್ಬಿ, ಒಂದೇ ವೂಫರ್, ಕುರ್ಚಿಗೆ ಜಾಗ. ಇನ್ನೊಂದರಲ್ಲಿ ಈ ಬದಿಯಿಂದ ಆ ಬದಿಯವರೆಗೆ ಡಬ್ಬಿ, ಎರಡು ವೂಫರ್, ನಡುವೆ ಗಾಜಿನ ಹಿಂದೆ ಆಂಪ್ಲಿಫೈಯರ್, ಸುತ್ತ ಕಪ್ಪು ಕಾರ್ಪೆಟ್ಟು, ಒಳಗೆ ನೀಲಿ ದೀಪ. ಅಂಥದ್ದನ್ನು ನಾನು ಹೈದರಾಬಾದಿನಲ್ಲಿ ನೋಡಿದ್ದೆ, ನನ್ನ ಕೈಯಿಂದ ಎಂದೂ ಮಾಡಿರಲಿಲ್ಲ.

ಅವನು ಮೊದಲನೆಯ ಕಾಗದವನ್ನು ನೋಡಿ ಪಕ್ಕಕ್ಕಿಟ್ಟ. "ಉಸ್ತಾದ, ಚಾದ ಅಂಗಡಿ ಮುಂದ ಡಿಕ್ಕಿ ತಗದ್ರ ಮಂದಿ ಕುರ್ಚಿ ನೋಡತಾರ. ಯಾವನ ಸಿಕ್ಕರೂ ಮೊದಲ ಕೇಳೋ ಮಾತ ಒಂದ, 'ಮನ್ಯಾಗ ಹ್ಯಾಂಗದಾರ?' ಎರಡು ವರ್ಷ ಆತು, ನನ್ನ ಯಾರೂ ಹ್ಯಾಂಗದೀ ಅಂತ ಕೇಳಿಲ್ಲ. ಡಿಕ್ಕಿ ತಗದ್ರ ಮಂದಿ ಬಾಯಿ ತಗೀಬೇಕು, ಅಂಥಾದ್ದು ಮಾಡ್ರಿ."

ಆ ಮಾತು ನನಗೆ ಅಸಹ್ಯ ಎನಿಸಬೇಕಿತ್ತು. ಎನಿಸಲಿಲ್ಲ. ಎರಡನೆಯ ಕಾಗದವನ್ನು ಅವನು ಕೈಗೆತ್ತಿಕೊಂಡಾಗ ನನಗೆ ಖುಷಿಯಾಯಿತು.

ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಯಾದಗಿರಿಯ ಆಸ್ಪತ್ರೆ ಮುಗಿಸಿಕೊಂಡು ಹಿಂದಿರುಗುವ ದಾರಿಯಲ್ಲಿ ಬಂದಿದ್ದ, ಮುಂದಿನ ಸೀಟಿನಲ್ಲಿ ಹೆಂಡತಿ ಇದ್ದಳು. ತೆಳ್ಳಗಿನ ಹೆಣ್ಣುಮಗಳು, ಕನ್ನಡಕ, ತೊಡೆಯ ಮೇಲೆ ಆಸ್ಪತ್ರೆಯ ಫೈಲು. ನಾನು ರಟ್ಟಿನ ಅಚ್ಚುಗಳನ್ನು ಡಿಕ್ಕಿಯಲ್ಲಿ ಇಟ್ಟು ನೋಡುತ್ತಿದ್ದರೆ ಅವನು ಪಕ್ಕದಲ್ಲಿ ನಿಂತು ಇನ್ನೆರಡು ಬೆರಳು ದೊಡ್ಡದು ಮಾಡಲು ಬರುತ್ತದೇನು ಎಂದು ಕೇಳುತ್ತಿದ್ದ. ಅವಳು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದಳು. ಕೊನೆಗೆ ಕರೆದಳು.

"ಅಣ್ಣಾರ, ಒಂದೀಟು ಇಲ್ಲಿ ಬರ್ರಿ."

ಹೋದೆ. ಗಂಡನೂ ಹಿಂದೆ ಬಂದ.

"ಡಿಕ್ಕಿ ಪೂರಾ ತುಂಬತದಲ್ಲಾ. ಕುರ್ಚಿ ಎಲ್ಲಿ ಇಡೋದ್ರಿ?"

ಗಂಡ ನನ್ನ ಮುಖ ನೋಡಿದ. ನಾನು, "ಹಿಂದಿನ ಸೀಟಿನ ಮ್ಯಾಲ ಇಡಬಹುದ್ರಿ ಅಕ್ಕಾರ" ಅಂದೆ.

"ಹಿಂದಿನ ಬಾಗಲಾಗ ಹಿಡಸ್ತದೇನ್ರಿ? ಬಾಗಲ ಎಷ್ಟದ, ಕುರ್ಚಿ ಎಷ್ಟದ?"

ಲೆಕ್ಕದ ಟೀಚರ್ ಕೇಳುವ ಪ್ರಶ್ನೆ. ನನ್ನ ಹತ್ತಿರ ಉತ್ತರವಿತ್ತು. ಮೊದಲ ದಿನವೇ ಕುರ್ಚಿಯನ್ನು ಅಳೆದಿದ್ದೆ, ಬಾಗಿಲನ್ನೂ ಅಳೆದಿದ್ದೆ. ಯಾವ ಕಡೆಗೆ ತಿರುಗಿಸಿದರೂ ನಾಲ್ಕು ಬೆರಳಿನಷ್ಟು ಹೆಚ್ಚಾಗುತ್ತಿತ್ತು. ಅದು ಹಳೆಯ ಕಾಲದ ಗಟ್ಟಿ ಕುರ್ಚಿ, ಗಾಲಿ ಬಿಚ್ಚಲು ಬರುತ್ತಿರಲಿಲ್ಲ.

"ಹಿಡಸ್ತದ್ರಿ. ನಾ ನೋಡೀನಿ" ಅಂದೆ.

"ನೋಡೀರೋ, ಅಳದೀರೋ?"

"ಅಳದೀನ್ರಿ."

ಅವಳು ತಲೆಯಾಡಿಸಿದಳು. ಅಳತೆ ಮಾಡುವ ಮನುಷ್ಯ ಹೇಳಿದ ಮೇಲೆ ಮುಗಿಯಿತು ಅನ್ನುವ ಹಾಗೆ ಫೈಲನ್ನು ಸರಿಮಾಡಿಕೊಂಡಳು. ಗಂಡ ನನ್ನ ಬೆನ್ನು ತಟ್ಟಿದ.

ಮುಂದಿನ ವಾರ ಕಾರನ್ನು, ಒಳಗಿದ್ದ ಕುರ್ಚಿಯ ಸಮೇತ, ಐದು ದಿನ ನನ್ನ ಹತ್ತಿರ ಬಿಟ್ಟ. ನಾನು ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಬೇರೆಯಿಲ್ಲ. ಡಬ್ಬಿಯ ಬದಿಗಳನ್ನು ಡಿಕ್ಕಿಯ ಬಾಗಿಗೆ ತಕ್ಕ ಹಾಗೆ ಬಗ್ಗಿಸಿ, ಒಂದು ಕೂದಲು ತೂರಲಾರದ ಹಾಗೆ ಕೂರಿಸಿದೆ. ಗಂಡ ಬಂದು ಡಿಕ್ಕಿ ತೆಗೆದು ಮುಚ್ಚಿ, ಮತ್ತೆ ತೆಗೆದು ನೋಡಿದ. ಹಾಡು ಹಚ್ಚಿದಾಗ ಪಕ್ಕದ ಚಹಾದಂಗಡಿಯ ಗ್ಲಾಸುಗಳು ತಟ್ಟೆಯಲ್ಲಿ ಕುಣಿದವು, ಜನ ಎದ್ದು ಬಂದರು. ಅವನಿಗೆ ಬೇಕಿದ್ದದ್ದು ಸಿಕ್ಕಿತು. ಹೊರಡುವಾಗ, ಗೋಡೆಗೆ ಒರಗಿದ್ದ ಕುರ್ಚಿಯನ್ನು ತೋರಿಸಿ ಏನು ಮಾಡಲಿ ಎಂದು ಕೇಳಿದೆ.

"ಯಾವುದರ ಟಂಟಂ ಸುರಪುರದ ಕಡಿ ಹೊಂಟ್ರ ಹಾಕಿ ಕಳಸ್ರಿ" ಅಂದ.

ಮರುದಿನ ಸಿಮೆಂಟ್ ಚೀಲ ತುಂಬಿಕೊಂಡು ಹೊರಟ ಟಂಟಂ ಆಟೋ ಒಂದರಲ್ಲಿ ಹಾಕಿ ಕಳಿಸಿದೆ.

ಎರಡು ತಿಂಗಳಾದ ಮೇಲೆ ಫೋನು ಮಾಡಿದ. ಬೇಸ್ ಬಂದಾಗ ಹಿಂದೆ ಏನೋ ಗಡಗಡ ಅನ್ನುತ್ತದೆ, ಬಂದು ನೋಡಿ ಅಂದ. ಸ್ಕೂಟರ್ ಮೇಲೆ ಸುರಪುರಕ್ಕೆ ಹೋದೆ. ಮನೆಯ ಮುಂದೆ ಮೂರು ಮೆಟ್ಟಿಲು. ಪಡಸಾಲೆಯಲ್ಲಿ ಗಾಲಿಕುರ್ಚಿ ಮಡಿಕೆ ಬಿಚ್ಚಿಕೊಂಡಿತ್ತು. ಅದರ ಮೇಲೆ ಜೋಳದ ಚೀಲ. ಅವನ ತಾಯಿ ಅದನ್ನು ತಳ್ಳಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಸೊಂಟನೋವಿನ ಮುದುಕಿಗೆ ಒಳ್ಳೆಯ ಅನುಕೂಲವಾಗಿತ್ತು.

ಅವಳು ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಳು. ನನ್ನನ್ನು ಗುರುತಿಸಿದಳು.

"ಆರಾಮದೀರೇನ್ರಿ ಅಕ್ಕಾರ? ಯಾದಗಿರಿಗಿ ಹೋಗಾಕತ್ತೀರೇನು?"

"ಕುರ್ಚಿ ಬಾಗಲಾಗ ಹಿಡಸಲಿಲ್ರಿ. ಒಂದ ದಿನ ಇವರು ನನ್ನ ಹೊತ್ತಗೊಂಡು ದವಾಖಾನಿಗಿ ಹೋದ್ರು. ಎಲ್ಲಾರೂ ನೋಡತಾರಂತ ಮುಂದಿನ ಸಲ ಬ್ಯಾಡಂದ್ರು. ಈಗ ನಿಲ್ಲಾಕ ಬರಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಗಂಡ ಅದನ್ನು ಕೇಳಿಸಿಕೊಂಡ. ಅವನಿಗೆ ಸಿಟ್ಟೇನೂ ಬರಲಿಲ್ಲ. "ಒಳಗ ಮಂಚ ಅದ, ಹೊರಗ ಹಾಡು ಅದ. ಇನ್ನೇನ ಬೇಕು ನಿನಗ?" ಅಂದ. ಆಮೇಲೆ ನನ್ನ ಕಡೆಗೆ ತಿರುಗಿ, "ಬರ್ರಿ ಉಸ್ತಾದ, ಹಚ್ಚತೀನಿ, ಎಲ್ಲಿ ಗಡಗಡ ಅಂತದ ನೋಡ್ರಿ" ಅಂದ.

ಕಾರು ಅದೇ ಕಿಟಕಿಯ ಕೆಳಗೆ ನಿಂತಿತ್ತು. ಅವನು ಹಾಡು ಹಚ್ಚಿ ದನಿ ಏರಿಸಿದ. ನಾನು ಡಿಕ್ಕಿಯ ಮೇಲೆ ಅಂಗೈ ಇಟ್ಟು ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದೆ. ಕಿಟಕಿಯ ಸರಳುಗಳು ಗುಂಯ್ ಅನ್ನುತ್ತಿದ್ದವು. ತಲೆ ಎತ್ತಿ ನೋಡಿದಾಗ ಅವಳು ಎರಡೂ ಕೈಯಿಂದ ಮಂಚದ ಚೌಕಟ್ಟು ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಅವನೂ ನೋಡಿದ. ನೋಡಿ ಇನ್ನೊಂದಿಷ್ಟು ಏರಿಸಿದ. "ಹ್ಯಾಂಗ ಕೇಳಸ್ತದ, ಉಸ್ತಾದಗ ಹೇಳು" ಎಂದು ಕಿಟಕಿಯ ಕಡೆಗೆ ಕೂಗಿದ.

"ಬೆನ್ನಾಗ ಕೇಳಸ್ತದ" ಅಂದಳು.

ಅವನು ನಕ್ಕ. ಅದನ್ನು ಹೊಗಳಿಕೆ ಎಂದು ತಿಳಿದುಕೊಂಡನೋ, ತಿಳಿದೇ ನಕ್ಕನೋ ಹೇಳಲಾರೆ. ಸಡಿಲವಾಗಿದ್ದದ್ದು ನಂಬರ್ ಪ್ಲೇಟು. ಅದರ ಹಿಂದೆ ರಬ್ಬರ್ ತುಂಡು ತುರುಕಿ ಬಿಗಿ ಮಾಡಿದೆ. ಇನ್ನು ಎಷ್ಟು ಬೇಕಾದರೂ ಏರಿಸಬಹುದು ಎಂದು ನಾನೇ ಹೇಳಿದೆ.

ಆ ಸಂಜೆ ಊಟಕ್ಕೆ ಕುಳಿತಾಗ ನನ್ನ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಹೇಳಿ ಹಗುರವಾಗಬೇಕೆಂಬ ಆಸೆಯಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಹಿಡಿಸುವುದಿಲ್ಲ ಎಂದು ನನಗೆ ಆವತ್ತೇ ಗೊತ್ತಿತ್ತಾ ಎಂದು. ಹೌದು ಅಂದೆ. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಅವಳು ಅಂದದ್ದರ ಅರ್ಥ ಇಷ್ಟು: "ನಾಳೆ ನನ್ನ ಕಾಲು ಹೋದರೆ ನನಗೂ ಒಂದು ಡಬ್ಬಿ ಮಾಡು. ಕಾರ್ಪೆಟ್ಟು ಹಾಕೋದು ಮರೀಬೇಡ." ಆಮೇಲೆ ರೊಟ್ಟಿ ಬಡಿಸಿದಳು.

ಹತ್ತು ದಿನ ಬಿಟ್ಟು ನಾನು ಸುರಪುರದವನಿಗೆ ಫೋನು ಮಾಡಿದೆ. ಡಬ್ಬಿ ತೆಗೆದು ಮೊದಲನೆಯ ನಕ್ಷೆಯ ಸಣ್ಣ ಡಬ್ಬಿ ಕೂರಿಸಿಕೊಡುತ್ತೇನೆ, ನೀವು ಏನೂ ಕೊಡುವುದು ಬೇಡ ಅಂದೆ.

"ಯಾರ ಸಲುವಾಗಿ?" ಅಂದ. "ಆಕಿ ತವರಮನಿಗಿ ಹೋಗ್ಯಾಳ. ಹೋದ ಸೋಮವಾರ ಅವರಪ್ಪ ಬಂದು ಟಂಟಂನಾಗ ಹಾಕ್ಕೊಂಡು ಹೋದ. ಕುರ್ಚಿನೂ ಒಯ್ದಾನ. ನಮ್ಮವ್ವಗ ತ್ರಾಸ ಆಗೇದ."

ಹದಿನೈದು ದಿನ ತಡೆದು ವನದುರ್ಗಕ್ಕೆ ಹೋದೆ. ಯಾಕೆ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ತಪ್ಪಾಯಿತು ಎಂದು ಹೇಳುವುದು, ಅವರು ಏನಾದರೂ ಅಂದರೆ ಕೇಳಿಸಿಕೊಳ್ಳುವುದು, ವಾಪಸು ಬರುವುದು. ಇಷ್ಟೇ ಲೆಕ್ಕ ಹಾಕಿದ್ದೆ. ಮನೆ ಸುಲಭವಾಗಿ ಸಿಕ್ಕಿತು. ತಂದೆ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು, ಬಿಳಿ ಮೀಸೆಯ ಕಡಿಮೆ ಮಾತಿನ ಮನುಷ್ಯ. ಅವಳು ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದಳು. ಮೊದಲಿಗಿಂತ ಸೊರಗಿದ್ದಳು, ಕಾಲುಗಳು ಸೀರೆಯೊಳಗೆ ಕಡ್ಡಿಯ ಹಾಗೆ ಕಾಣುತ್ತಿದ್ದವು. ಚಹಾ ತರಿಸಿದರು. ಯಾರೂ ನನ್ನನ್ನು ಯಾಕೆ ಬಂದೆ ಎಂದು ಕೇಳಲಿಲ್ಲ.

ಚಹಾ ಅರ್ಧವಾದಾಗ ಅವಳೇ ಕೇಳಿದಳು.

"ಅಣ್ಣಾರ, ಒಂದ ಮಾತ ಕೇಳತೀನಿ. ಆವತ್ತ ಅಳದೀನಿ ಅಂದ್ರಲ್ಲಾ. ಕುರ್ಚಿ ಹಿಡಸಂಗಿಲ್ಲಂತ ನಿಮಗ ಗೊತ್ತಿತ್ತೇನ್ರಿ?"

ಹೇಳಲು ಬಂದಿದ್ದೇ ಅದನ್ನು. ತಂದೆ ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನನ್ನ ಕಡೆಗೆ ನೋಡಿದರು. ನನ್ನ ಬಾಯಿಯಿಂದ ಬಂದದ್ದು, "ಇಲ್ರಿ ಅಕ್ಕಾರ. ಗೊತ್ತಿರಲಿಲ್ಲ. ಅಳತ್ಯಾಗ ತಪ್ಪಾತು."

ಅವಳು ನನ್ನನ್ನೇ ನೋಡಿದಳು. ಪಾಠ ಕಲಿಸಿದವರಿಗೆ ಇರುವ ನೋಟ ಅದು, ಪಕ್ಕದವನ ಉತ್ತರ ನೋಡಿ ಬರೆದವನನ್ನು ನೋಡುವಂಥದ್ದು.

"ಹಂಗಾದ್ರ ನಿಮಗ ಕೆಲಸ ಬರಂಗಿಲ್ಲ" ಅಂದಳು.

ನಾನು ಚಹಾದ ಕಪ್ಪನ್ನು ಬಾಯಿಗೆ ಒಯ್ದೆ.

"ನೀವೇ ಹೇಳ್ರಿ. ಬರತದೇನು?"

"ಬರಂಗಿಲ್ರಿ" ಅಂದೆ.

ಅವಳು ತಂದೆಯ ಕಡೆಗೆ ತಿರುಗಿದಳು. "ಅಪ್ಪಾ, ಇವರಿಗಿ ಅಳತಿ ಬರಂಗಿಲ್ಲಂತ. ಊರಾಗ ಯಾರರ ಗಾಡಿ ಕೆಲಸಕ್ಕ ಹೊಂಟ್ರ ಹೇಳು."

"ಹೇಳತೀನವ್ವ" ಅಂದರು ತಂದೆ. ಎದ್ದು ಬಂದು, ಇನ್ನೂ ಚಹಾ ಇದ್ದ ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡರು. ಉಳಿದದ್ದನ್ನು ಗಿಡದ ಬುಡಕ್ಕೆ ಚೆಲ್ಲಿದರು.

ಸ್ಕೂಟರ್ ತಿರುಗಿಸುವಾಗ ಅವಳು ಕುರ್ಚಿಯ ಗಾಲಿಯನ್ನು ಎರಡೂ ಕೈಯಿಂದ ತಳ್ಳಿಕೊಂಡು ನೆರಳು ಸರಿದ ಕಡೆಗೆ ಹೋಗುತ್ತಿದ್ದಳು. ಅಂಗಳ ಏರುತಗ್ಗಿನದು, ಗಾಲಿ ಮಣ್ಣಿನಲ್ಲಿ ಸಿಕ್ಕಿಕೊಂಡಿತು. ಇಳಿದು ಹೋಗಿ ತಳ್ಳಲೇ ಎಂದು ಒಂದು ಕಾಲು ನೆಲಕ್ಕಿಟ್ಟೆ. ತಂದೆ ನನ್ನ ಕಡೆಗೆ ಕೈ ಎತ್ತಿದರು, ಹೋಗು ಎಂದು.

ಅವರು ಹೇಳಿದ್ದನ್ನು ಮಾಡಿದರು ಎಂದು ಕಾಣುತ್ತದೆ. ಆ ಕಡೆಯಿಂದ ಬರುತ್ತಿದ್ದ ಗಾಡಿಗಳು ಈಗ ಯಾದಗಿರಿಗೆ ಹೋಗುತ್ತವೆ. ಹೋಗ್ತಾ ಬರ್ತಾ ಸಿಕ್ಕವರು ಒಬ್ಬಿಬ್ಬರು, "ಉಸ್ತಾದ, ಕಣ್ಣು ಮಂಜಾಗ್ಯಾವಂತಲ್ಲ" ಎಂದು ಕೇಳಿದ್ದೂ ಉಂಟು. ಹೌದು ಅನ್ನುತ್ತೇನೆ. ಇಲ್ಲ, ಕಣ್ಣು ಚೆನ್ನಾಗಿವೆ ಅಂದರೆ, ಹಾಗಾದರೆ ಅಳತೆ ಯಾಕೆ ತಪ್ಪಿತು ಎಂಬುದನ್ನೂ ಹೇಳಬೇಕಾಗುತ್ತದೆ.